ಅಣ್ಣನ ಬೇಲಿಯ ಹಸಿ ಎಲೆ

ಮಂಗಳವಾರ, ೧೪. ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿಗೆ ಹೇಳಿದ್ದೇನೆ. ಅದು ಬರುವವರೆಗೆ ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವನ ಬೇಲಿಯ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನಮ್ಮ ಪ್ರಯೋಗಾಲಯದಲ್ಲಿ ಗೊತ್ತಾದಾಗಿನಿಂದ ಅಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಒಂದು ಹಿಡಿ ಕಿತ್ತು ಹಸಿಯಾಗೇ ಅರೆದು ಕುಡಿಯುತ್ತಾನೆ. ನಾವು ಪರೀಕ್ಷಿಸಿದ್ದೆಲ್ಲ ನೆರಳಲ್ಲಿ ಒಣಗಿಸಿದ ಎಲೆಯನ್ನು. ನಮ್ಮ ಕೆಲಸದ ರೂಢಿಯೇ ಅದು. ಹಸಿ ಎಲೆಯನ್ನೂ ಪರೀಕ್ಷಿಸಬೇಕೆಂಬ ಯೋಚನೆ ಯಾರ ತಲೆಗೂ ಬರಲಿಲ್ಲ.

ನಿನ್ನೆ ಒಣ ಎಲೆಯ ಡಬ್ಬಿ ಖಾಲಿಯಾಗಿತ್ತು. ಪ್ರಯೋಗಾಲಯದ ಜೊತೆಗಾತಿ ಹಸಿ ಎಲೆಯನ್ನೇ ಅರೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯಕೃತ್ತಿನ ಜೀವಕೋಶಗಳ ಮೇಲೆ ಹಾಕಿದಳು. ಇಂದು ನೋಡಿದರೆ ಆ ತಟ್ಟೆಯಲ್ಲಿ ಒಂದು ಕೋಶವೂ ಬದುಕಿಲ್ಲ. "ನನ್ನದೇ ಏನೋ ಎಡವಟ್ಟು ಕಣೇ," ಅಂದಳು. ಪಕ್ಕದ ತಟ್ಟೆಗೆ ಹಿಂದೆ ತೆಗೆದಿಟ್ಟ ಒಣ ಎಲೆಯ ರಸ ಹಾಕಿದ್ದಳು. ಅಲ್ಲಿ ಎಲ್ಲವೂ ಚೆನ್ನಾಗಿದ್ದವು. ಒಣಗುವಾಗ ಹಾರಿಹೋಗುವ ಏನೋ ಒಂದು ಆ ಎಲೆಯಲ್ಲಿದೆ.

ಮನೆಗೆ ಬಂದೊಡನೆ ಅಣ್ಣನ ಮನೆಗೆ ಫೋನ್ ಮಾಡಿ, ಅವನು ಇನ್ನೂ ಹಸಿ ಎಲೆ ಕುಡಿಯುತ್ತಿದ್ದಾನಾ ಎಂದು ಕೇಳಿದೆ. ಅತ್ತಿಗೆ ನಕ್ಕರು. "ಸರಿಹೋಯ್ತು! ನಿಮ್ಮಣ್ಣಂಗೆ ಮೈಯೆಲ್ಲ ತುರಿಕೆ, ಊಟಾನೂ ಸೇರ್ತಿಲ್ಲ. ಅದಕ್ಕೇ ಇವತ್ತಿಂದ ಎರಡು ಹಿಡಿ ಅರೆದು ಕೊಡ್ತಿದೀನಿ."

"ಅತ್ತಿಗೆ, ಅದನ್ನ ಇನ್ನು ಮುಟ್ಟಿಸಬೇಡಿ. ಅವನ ಕಣ್ಣು ಹೇಗಿದೆ, ನೋಡಿ ಹೇಳಿ."

ಎದ್ದುಹೋಗಿ ನೋಡಿ ಬಂದರು. "ಸ್ವಲ್ಪ ಹಳದಿ ಕಾಣುತ್ತೆ. ಬಲ್ಬಿನ ಬೆಳಕಿಗೆ ಕಣೇ, ಇನ್ನೇನಿಲ್ಲ."

ಆ ಮನೆಯ ಬಲ್ಬುಗಳೆಲ್ಲ ಬಿಳಿ. ಹೋದ ತಿಂಗಳು ಏಣಿ ಹತ್ತಿ ಒಂದೊಂದನ್ನೂ ಹಾಕಿದವಳು ನಾನೇ.