ಉಗಿಯಲಾಗದ ಕಾಫಿ

ಚಿಕ್ಕಮಗಳೂರು
ಮಂಗಳವಾರ, ನವೆಂಬರ್ 18, 2025

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲಾ "ಏನಾಗಿಲ್ಲ ಬಿಡೇ" ಅಂತ ತಂಗಿ ಅರುಣಾಳನ್ನು ಗದರಿಸಿ ಕಾಫಿ ಹಣ್ಣು ಕೊಯ್ಯಲು ಹೊರಟೆಯೋ? ಈ ಕಾಗದವನ್ನು ಅವಳೇ ಓದಿ ಹೇಳಲಿ. ನಮ್ಮ ಎಸ್ಟೇಟಿನ ಕೂಲಿ ಲೈನ್ ಮನೆಗೆ ಫೋನ್ ಸಿಗ್ನಲ್ ಬರುವಷ್ಟರಲ್ಲಿ ನಾನು ಮುದುಕಿಯಾಗಿರುತ್ತೇನೆ, ಅದಕ್ಕೇ ಬಾಳೂರಿನ ಜೀಪಿನಲ್ಲಿ ಕಳಿಸುತ್ತಿದ್ದೇನೆ.

ನಾನು ಚೆನ್ನಾಗಿಲ್ಲ ಅವ್ವಾ. ಇಲ್ಲಿನ ಕಾಲೇಜು, ಹೊರದೇಶದ ಒಂದು ಸಂಸ್ಥೆ, ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಂಪನಿ ಮೂರೂ ಸೇರಿ ನಮಗೆ ಕಾಫಿಯ ರುಚಿ ನೋಡುವ ಕೆಲಸ ಕಲಿಸುತ್ತಿವೆ, ಪಾಸಾದರೆ ಕಂಪನಿಯಲ್ಲೇ ಕೆಲಸ ಅಂತ ಹೇಳಿದ್ದೆನಲ್ಲ. ಹೇಳದೆ ಉಳಿಸಿದ್ದು ಇದು: ರುಚಿ ನೋಡುವುದೆಂದರೆ ಕುಡಿಯುವುದಲ್ಲ. ಚಮಚದಿಂದ ಸೊರ್ರಂತ ಎಳೆದು, ನಾಲಿಗೆಯ ಮೇಲೆ ಆಡಿಸಿ, ಎಲ್ಲರೆದುರೇ ಡಬ್ಬಿಗೆ ಉಗಿಯಬೇಕು. ನನಗೆ ಆಗುತ್ತಿಲ್ಲ. ದೊಡ್ಡವರು ಎದುರಾದರೆ ಬಾಯಲ್ಲಿದ್ದ ಎಲೆಅಡಿಕೆಯನ್ನೂ ನುಂಗಿಬಿಡುವವಳ ಮಗಳು ನಾನು. "ಸಾವ್ಕಾರ್ರ ಮುಂದೆ ಉಗುದ್ರೆ ಹಲ್ಲು ಉದುರ್ಸ್ತೀನಿ" ಅಂತ ನೀನು ಚಿಕ್ಕಂದಿನಲ್ಲಿ ಕೆನ್ನೆಗೆ ಬಿಟ್ಟದ್ದು ಇನ್ನೂ ಉರಿಯುತ್ತದೆ. ಮೇಷ್ಟ್ರು ನೋಡಿದರೆ ಸಾಕು, ಗಂಟಲು ತಾನಾಗಿ ನುಂಗುತ್ತದೆ. ಕಪ್ಪುಗಳ ಒಂದು ಸಾಲು ಮುಗಿಯುವ ಹೊತ್ತಿಗೆ ನುಂಗಿದ ಕಾಫಿಯೆಲ್ಲ ತಲೆಗೇರಿರುತ್ತದೆ, ಆಮೇಲೆ ಎಲ್ಲ ಕಾಫಿಯೂ ಒಂದೇ ರುಚಿ. ಮೇಷ್ಟ್ರಿಗೆ ಹೇಳಿಕೊಂಡರೆ "ಉಗಿಯೋದೂ ಹೇಳ್ಕೊಡ್ಬೇಕೇನಮ್ಮಾ?" ಅಂತ ನಕ್ಕರು. ಜೊತೆಗೆ ಕಲಿಯುವ ಪ್ಲಾಂಟರ್ ಮನೆಯ ಧನ್ಯಾ ಹುಟ್ಟಿದಾಗಿನಿಂದ ಅದೇ ಕೆಲಸ ಅನ್ನುವ ಹಾಗೆ ಉಗಿಯುತ್ತಾಳೆ. ಹೊಟ್ಟೆಕಿಚ್ಚಾಗುತ್ತದೆ ಅವ್ವಾ, ಸುಳ್ಳೇಕೆ ಹೇಳಲಿ. ನಿನ್ನೆಯ ಅಭ್ಯಾಸದಲ್ಲೂ ನಾನೇ ಕೊನೆ.

ಶುಕ್ರವಾರದ ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಅವಕಾಶವಿಲ್ಲ. ಕಾಲೇಜು, ಸಂಸ್ಥೆ, ಕಂಪನಿ ಮೂರರ ಒಪ್ಪಂದ ಈ ವರ್ಷಕ್ಕೇ ಮುಗಿಯುತ್ತದಂತೆ. ನಿನ್ನ ಮಂಡಿ ಇನ್ನು ಗುಡ್ಡ ಹತ್ತಲಾರದು. ಕೆಲಸಕ್ಕೆ ಬಾರದವರನ್ನು ಲೈನ್ ಮನೆಯಲ್ಲಿ ಎಷ್ಟು ದಿನ ಇರಗೊಟ್ಟಾರು? ಇಲ್ಲೇ ಒಂದು ಕೋಣೆ ಹಿಡಿದು ನಿಮ್ಮಿಬ್ಬರನ್ನೂ ಕರೆತರಬೇಕೆಂದಿದ್ದೆ. ಈಗ ಅನ್ನವೂ ಸೇರುತ್ತಿಲ್ಲ, ಯಾವ ದೇವರ ಹೆಸರು ಹಿಡಿದರೂ ಧೈರ್ಯ ಬರುತ್ತಿಲ್ಲ.

ಅರುಣಾಳಿಗೆ ಮುತ್ತು. ನಿನ್ನ ನೋಯುವ ಕಾಲಿಗೆ ನನ್ನ ನಮಸ್ಕಾರ.

ನಿನ್ನ ಮಗಳು,
ರೇವತಿ

ತಾ.ಕ.: ಜೀಪಿನವನು ಹಾರನ್ ಹೊಡೆಯುತ್ತಿದ್ದಾನೆ. ಹೇಳಲೋ ಬೇಡವೋ ಅಂತಿದ್ದೆ. ಶುಕ್ರವಾರದ ಪರೀಕ್ಷೆಗೆ ಕಂಪನಿಯ ಕಡೆಯಿಂದ ಬಂದು ಕೂರುವವರು ನಮ್ಮ ಎಸ್ಟೇಟಿನ ಸಾಹುಕಾರರೇ ಅಂತೆ, ನನ್ನ ಎದುರಿಗೇ. ಈ ಬಾಯಿಗೆ ಬೀಗ ಹಾಕಿದವಳು ನೀನು, ಬೇರೆ ಯಾರು ಹೇಳಿದರೂ ತೆರೆಯದು. "ಉಗಿ ಮಗಾ" ಅಂತ ಒಂದು ಮಾತು ನಾಳೆಯ ಜೀಪಿನಲ್ಲಿ ಹೇಳಿ ಕಳಿಸವ್ವಾ.