ನಲವತ್ತೊಂದು ಬಾಗಿಲುಗಳು

ಮಾರ್ಚ್ ೧೨, ಮಂಗಳವಾರ
ಬೆಳಿಗ್ಗೆ ಹತ್ತೂವರೆ

ನಮ್ಮ ಮನೆಯ ದೊರೆಸಾನಿಗೆ, ವಯಸ್ಸಾದರೂ ನಾಲಿಗೆ ಬಿಗಿಹಿಡಿಯಲು ಕಲಿಯದ ನಿನ್ನ ಅಮ್ಮನ ಮುದ್ದು.

ನೀನು ಫೋನ್ ಮಾಡದೆ ಐದು ವಾರವಾಯಿತು. ನಾನೂ ಮಾಡಿಲ್ಲ. ನಿಮ್ಮಪ್ಪ ಮಾತ್ರ ತಮ್ಮ ಕನ್ನಡಕದ ಅಂಗಡಿಯಿಂದ ಕದ್ದು ಮಾಡುತ್ತಾರೆಂದು ನನಗೆ ಗೊತ್ತು. ಮನೆಗೆ ಬಂದು ನಿನ್ನ ಸುದ್ದಿಯನ್ನು ಪೇಪರಿನಲ್ಲಿ ಓದಿದವರ ಹಾಗೆ ಹೇಳುತ್ತಾರೆ. ಅವಳಿಗೆ ನೆಗಡಿಯಂತೆ, ಮಂಡಿ ನೋವು ಕಮ್ಮಿಯಾಗಿದೆಯಂತೆ. ಯಾರು ಹೇಳಿದರು ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಹೀಗೆ ನಮ್ಮ ಸಂಸಾರ ಸಾಗುತ್ತಿದೆ.

ಫೋನ್ ಬಿಟ್ಟು ಕಾಗದ ಯಾಕೆ ಹಿಡಿದಳು ಎಂದು ನೀನು ಹುಬ್ಬೇರಿಸುತ್ತೀ. ನಮ್ಮ ಫೋನ್ ಈಚೆಗೆ ಸರಿಯಿಲ್ಲ, ಮಾತು ಮುಸುಕುಮುಸುಕಾಗಿ ಬರುತ್ತದೆ ಎಂದು ಬರೆಯಬೇಕೆಂದಿದ್ದೆ. ಬರೆದೂ ಬಿಟ್ಟೆ ನೋಡು. ಆ ಸಾಲು ಹಾಗೇ ಇರಲಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಪ್ಪತ್ತಾರು ವರ್ಷ ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ತಿದ್ದಿದವಳು ನಾನು. ನನ್ನ ತಪ್ಪನ್ನು ಬರೆಯಲು ಕೂತರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ. ನನ್ನ ತಲೆಯಲ್ಲಿ ಎಲ್ಲ ಸರಿಯಾಗಿ ಕೂರಲಿ.

ಪ್ರೆಸ್ ಮುಚ್ಚಿದ ಮೇಲೆ ನಾನು ಮನೆಯಲ್ಲಿ ಕೂತು ನಿಮ್ಮಿಬ್ಬರ ತಪ್ಪು ಹುಡುಕತೊಡಗಿದೆ. ತಡೆಯಲಾರದೆ ನೀನು ನಿನ್ನ ಹಳೆಯ ಲ್ಯಾಪ್‌ಟಾಪನ್ನೂ ಸ್ವರ ನುಡಿಸುವ ಒಂದು ಪುಟ್ಟ ಕೀಬೋರ್ಡನ್ನೂ ತಂದಿಟ್ಟು, ಇದರಲ್ಲಿ ಸದ್ದು ಮಾಡ್ಕೊಂಡಿರು, ನಮ್ಮನ್ನ ಬಿಟ್ಬಿಡು ಅಂದೆ. ಆ ತಮಾಷೆಯೇ ನನಗೆ ಅಂಟಿಕೊಂಡಿತು. ಏನೂ ಇಲ್ಲದ ಕಡೆ ಒಂದು ಗುಂಡಿ ತಿರುಗಿಸಿದರೆ ಸದ್ದು ಹುಟ್ಟುವುದು, ಇನ್ನೊಂದು ತಿರುಗಿಸಿದರೆ ಅದು ದಪ್ಪಗಾಗುವುದು, ಮತ್ತೊಂದಕ್ಕೆ ದೂರ ಸರಿಯುವುದು. ಮೂರು ವರ್ಷ ಅದರಲ್ಲೇ ಮುಳುಗಿದೆ. ಬೇರೆಯವರ ಹೆಂಡ್ತೀರು ಸ್ವೆಟರ್ ಹೆಣೀತಾರೆ, ನನ್ನವಳು ಕರೆಂಟ್ ಹೆಣೀತಾಳೆ ಅಂತ ನಿಮ್ಮಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದಾರೆ.

ಹಾಗಿರುವಾಗ ನೀನು ನಿನ್ನ ಹೊಸ ನೃತ್ಯಕ್ಕೆ ಸಂಗೀತ ಮಾಡಿಕೊಡು ಎಂದು ಕೇಳಿದೆ. ಐದು ಹೆಂಗಸರು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಹನ್ನೊಂದು ನಿಮಿಷ. ನೀನೇ ಕಟ್ಟಿದ ಮೊದಲನೆಯ ನೃತ್ಯ ಅದು. ಶುರುವಿನಲ್ಲಿ ದೊಡ್ಡ ಬಾಗಿಲು ನಿಧಾನಕ್ಕೆ ತೆರೆಯೋ ಥರ ಸದ್ದು ಬೇಕು, ಬಾಗಿಲು ಅಂತ ಗೊತ್ತಾಗ್ಬಾರ್ದು, ಆದ್ರೆ ಯಾರೋ ಒಳಗೆ ಬಂದ್ರು ಅನ್ನಿಸ್ಬೇಕು ಅಂದೆ. ನಾನು ಅಷ್ಟೇ ತಾನೇ ಅಂದೆ. ಆ ದಿನ ಖುಷಿಗೆ ನನಗೆ ಊಟ ಸೇರಲಿಲ್ಲ. ಅದನ್ನು ನಿನಗೆ ಹೇಳಿರಲಿಲ್ಲ.

ಆ ಒಂದು ಸದ್ದು ನನ್ನ ಮೂರು ತಿಂಗಳು ತಿಂದಿತು. ಮೊದಲ ಸಲ ಫ್ರಿಜ್ಜಿನ ಹಾಗೆ ಗುಂಯ್ ಎಂದಿತು. ಅದನ್ನು ತಿದ್ದಿದರೆ ನಿದ್ದೆಗಣ್ಣಿನ ಸೊಳ್ಳೆಯಾಯಿತು. ಮಾರ್ದನಿ ಹಾಕಿದರೆ ಬಾವಿಯಲ್ಲಿ ಬಿದ್ದ ಬಸ್ಸಿನ ಹಾರ್ನು. ಕಂಪ್ಯೂಟರಿನಲ್ಲಿ ತಯಾರಾಗಿರುವ ಸದ್ದುಗಳನ್ನು ಮುಟ್ಟುವುದಿಲ್ಲ ಎಂಬ ಹಟ ಬೇರೆ. ಮಿಕ್ಕ ಹತ್ತು ನಿಮಿಷದ ಸಂಗೀತದಲ್ಲಿ ಒಂದು ಸ್ವರವನ್ನೂ ಇಟ್ಟಿರಲಿಲ್ಲ, ಬಾಗಿಲಲ್ಲೇ ನಿಂತಿದ್ದೆ. ಫೈಲುಗಳಿಗೆ ಬಾಗಿಲು ಒಂದು, ಬಾಗಿಲು ಎರಡು ಎಂದು ಹೆಸರಿಟ್ಟೆ. ಆಮೇಲೆ ಬಾಗಿಲು ಕೊನೆಯದು, ಬಾಗಿಲು ನಿಜವಾಗಿ ಕೊನೆಯದು, ಬಾಗಿಲು ಇನ್ನು ನನ್ನಿಂದಾಗದು. ಎಣಿಸಿದರೆ ನಲವತ್ತೊಂದು.

ಎಷ್ಟು ತಿದ್ದಿದರೂ ಸದ್ದು ಕಂಬಳಿ ಹೊದ್ದು ಮಲಗಿದ ಹಾಗೆ ಮಂಕಾಗಿಯೇ ಕೇಳುತ್ತಿತ್ತು. ಹೊಳಪು ಬರಲಿ ಎಂದು ಮೇಲಿನ ಸ್ಥಾಯಿಯ ಸಣ್ಣ ಸದ್ದುಗಳ ಗುಂಡಿಯನ್ನು ತಿರುಗಿಸುತ್ತಾ ಹೋದೆ. ಸಾಲದು ಎನಿಸಿತು, ಇನ್ನೂ ತಿರುಗಿಸಿದೆ. ಒಂದು ದಿನ ಸಿಟ್ಟಿನಲ್ಲಿ ಹೆಡ್‌ಫೋನ್ ಕಿತ್ತು ಎಸೆದೆ. ಮಂಚದ ಮೇಲೆಯೇ ಎಸೆದೆ, ಗೋಡೆಗೆ ಎಸೆಯುವಷ್ಟು ಧಾರಾಳ ನನಗಿಲ್ಲ. ನಿಮ್ಮಪ್ಪನ ಮೇಲೆ ಕಾರಣವಿಲ್ಲದೆ ರೇಗಿದೆ. ಈ ವಯಸ್ಸಿನಲ್ಲಿ ನನಗಿದೆಲ್ಲ ಯಾಕೆ ಬೇಕಿತ್ತು ಎಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಉಂಟು.

ನಲವತ್ತೊಂದನೆಯ ಬಾಗಿಲನ್ನು ಕಳಿಸಿದ ಮಾರನೆಯ ದಿನ ನೀನು ಫೋನ್ ಮಾಡಿದೆ. ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತಮ್ಮ, ನಮ್ಮ ಹುಡುಗಿಯೊಬ್ಬಳು ಕಿವಿ ಮುಚ್ಕೊಂಡು ಹೊರಗೆ ಹೋದ್ಲು, ಈ ಸಲ ಬೇರೆ ಕಡೆಯಿಂದ ಸಂಗೀತ ತಗೋತೀವಿ, ನೀನು ಬೇಜಾರು ಮಾಡ್ಕೋಬೇಡ ಎಂದು ಎಷ್ಟು ಮೆತ್ತಗೆ ಹೇಳಿದೆ. ನಾನು ಹೇಳಿದ್ದನ್ನೂ ಬರೆಯುತ್ತೇನೆ. ಇಲ್ಲಿ ನನಗೆ ಸರಿಯಾಗಿ ಕೇಳ್ತಿದೆ, ಕೆಟ್ಟಿರೋದು ನಿನ್ನ ಕಿವಿ, ಮೊದಲು ಹೋಗಿ ತೋರಿಸ್ಕೋ ಅಂದೆ. ಕುಣಿಯೋರಿಗೆ ಕಾಲಿದ್ರೆ ಸಾಕಲ್ಲ, ಕಿವಿ ಯಾಕೆ ಅಂತಲೂ ಅಂದೆ. ನೀನು ಆಯ್ತಮ್ಮ ಎಂದು ಫೋನ್ ಇಟ್ಟೆ. ತಿರುಗಿ ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಆ ಆಯ್ತಮ್ಮ ಇನ್ನೂ ಎದೆಯಲ್ಲಿ ಕೂತಿದೆ.

ಅದಾಗಿ ಒಂದು ವಾರಕ್ಕೆ ಸಾಮಾನು ತರಲು ಹೋಗಿದ್ದೆ. ಮನೆ ಬಾಗಿಲಿಗೆ ಬಂದು ನೋಡಿದರೆ ಚೀಲದಲ್ಲಿ ಬೀಗದ ಕೈ ಗೊಂಚಲಿಲ್ಲ. ಅಷ್ಟರಲ್ಲಿ ಕೆಳಗಿನ ಮನೆಯ ಟೀಚರಮ್ಮ ಗೊಂಚಲು ಹಿಡಿದು, ಏದುಸಿರು ಬಿಡುತ್ತಾ ಮೂರನೆಯ ಮಹಡಿ ಹತ್ತಿ ಬಂದರು. ಮೊದಲ ಮೆಟ್ಟಿಲಲ್ಲೇ ಬಿತ್ತಂತೆ. ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಬಿತ್ತು, ಎರಡು ಸಲ ಕೂಗಿದೆ, ಯಾವ ಲೋಕದಲ್ಲಿದ್ರಿ ಅಂದರು. ಏನೋ ಯೋಚನೆ ಮಾಡುತ್ತಿದ್ದೆ ಎಂದು ನಕ್ಕೆ. ನಿಜಕ್ಕೂ ನಾನು ಏನೂ ಯೋಚನೆ ಮಾಡುತ್ತಿರಲಿಲ್ಲ.

ಸಂಜೆ ನಿಮ್ಮಪ್ಪನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಅವರು ಹೀಗೆ ಮಾಡಿದರೆ ಏನೋ ಇದೆ ಎಂದು ಅರ್ಥ. ಅವರಿಗೆ ಎರಡು ವರ್ಷದಿಂದ ಗೊತ್ತಿತ್ತಂತೆ. ಬಟ್ಟೆ ಒಗೆಯುವ ಯಂತ್ರ ಮುಗಿಯಿತೆಂದು ಬೀಪ್ ಅಂದರೆ ನಾನು ಏಳುತ್ತಿರಲಿಲ್ಲವಂತೆ, ಅವರೇ ಹೋಗಿ ಆರಿಸುತ್ತಿದ್ದರಂತೆ. ನನ್ನೆದುರು ಬಂದು, ಮುಖ ನೋಡಿಕೊಂಡೇ ಮಾತಾಡುತ್ತಿದ್ದರಂತೆ. ಮುದುಕನಿಗೆ ಈಗೀಗ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದೆ ಎಂದು ನಾನು ಬೀಗುತ್ತಿದ್ದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಣ್ಣು ಮಂಜಾಗಿದೆ ಅಂದ್ರೆ ಜನ ನನ್ನ ಅಂಗಡಿಯ ಅಕ್ಷರದ ಬೋರ್ಡನ್ನೇ ಬೈತಾರೆ, ನೀನು ಆ ಜಾತಿಯವಳೇ ಅಂದರು.

ಮರುದಿನ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದರು. ಸಣ್ಣ ಕೋಣೆ, ಗಾಜಿನ ಆಚೆ ಒಬ್ಬಳು ಹುಡುಗಿ, ನನ್ನ ಕೈಯಲ್ಲೊಂದು ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಒಂದಷ್ಟು ಒತ್ತಿದೆ. ಆಮೇಲೆ ಸದ್ದೇ ಬರಲಿಲ್ಲ, ಕಾದೆ. ಕಾದು ಕಾದು, ನಿಮ್ಮ ಯಂತ್ರ ಕೆಟ್ಟಿದೆ ನೋಡಮ್ಮ ಎಂದು ನಾನೇ ಆ ಹುಡುಗಿಗೆ ಹೇಳಿದೆ. ಅವಳು ನಗಲಿಲ್ಲ, ಪಾಪ. ಕೊಟ್ಟ ಹಾಳೆಯಲ್ಲಿ ಗೆರೆ ಎಡಗಡೆ ನೆಟ್ಟಗೆ ಬಂದು ಬಲಗಡೆ ಮೆಟ್ಟಿಲಿಳಿದಿತ್ತು. ದಪ್ಪ ಸದ್ದುಗಳೆಲ್ಲ ಸರಿಯಾಗಿ ಕೇಳುತ್ತವೆ, ಸಣ್ಣ ಚೂಪು ಸದ್ದುಗಳು ಹೋಗಿವೆ. ಮೆಷಿನ್ನುಗಳ ಪಕ್ಕದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಪ್ರೂಫ್ ನೋಡಿದ್ದರ ಫಲ.

ಆಗ ನನಗೆ ನಲವತ್ತೊಂದು ಬಾಗಿಲುಗಳೂ ಒಟ್ಟಿಗೆ ಅರ್ಥವಾದವು. ನಾಲಿಗೆ ಕೆಟ್ಟವರು ತಮಗೆ ಉಪ್ಪು ಹತ್ತುವವರೆಗೆ ಸಾರಿಗೆ ಉಪ್ಪು ಸುರಿದಂತೆ, ನನಗೆ ಕೇಳಿಸುವವರೆಗೆ ಆ ಚೂಪು ಸದ್ದನ್ನು ಏರಿಸಿ ನಿನ್ನ ಹುಡುಗಿಯರ ಕಿವಿಗೆ ಕಳಿಸಿದ್ದೆ. ನಿನ್ನ ಕಿವಿ ಸರಿಯಾಗಿತ್ತು. ಕೆಟ್ಟಿದ್ದು ನನ್ನದು. ಕ್ಷಮಿಸು ಮಗಳೇ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ಈಗ ಅರ್ಧ ಅಕ್ಷರಗಳು ನನಗೆ ಉದುರಿಹೋಗುತ್ತವೆ. ನೀನು ಪರವಾಗಿಲ್ಲ ಎಂದದ್ದು ನನಗೆ ತಪ್ಪದೆ ತಲುಪಬೇಕು.

ನಾಲ್ಕು ದಿನ ಲ್ಯಾಪ್‌ಟಾಪಿಗೆ ಬಟ್ಟೆ ಹೊದಿಸಿಟ್ಟೆ. ಐದನೆಯ ದಿನ ಒಗೆದ ಬಟ್ಟೆ ಮಡಿಸುವಾಗ ಪ್ರೆಸ್ಸಿನ ಒಂದು ನಿಯಮ ನೆನಪಾಯಿತು. ಅಕ್ಷರ ಜೋಡಿಸಿದವರು ಅದೇ ಪುಟದ ಪ್ರೂಫ್ ನೋಡುವಂತಿರಲಿಲ್ಲ, ಎಂಥ ಪಳಗಿದ ಕೈಯಾದರೂ ಸರಿ. ಹೊಸಬರಿಗೆ ನಾನೇ ಇದನ್ನು ಗದರಿಸಿ ಕಲಿಸಿದ್ದೆ. ಮೂರು ತಿಂಗಳು ನಾನೇ ಜೋಡಿಸಿ ನಾನೇ ಪ್ರೂಫ್ ನೋಡಿದ್ದೆ, ಅದೂ ಪುಟದ ಮೊದಲನೆಯ ಅಕ್ಷರದಲ್ಲೇ ನಿಂತು.

ಅಂಗಡಿಗೆ ರಜೆಯಿದ್ದ ಮಂಗಳವಾರ ನಿಮ್ಮಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ನಂಗೆ ಸಂಗೀತದ ಗಂಧಗಾಳಿ ಇಲ್ಲ ಕಣೆ ಎಂದು ಗೋಗರೆದರು. ಸದ್ದು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ, ಎಲ್ಲಕ್ಕೂ ಅದೇ ಉತ್ತರ. ಮದುವೆಯಾದಾಗಿನಿಂದ ನನ್ನ ಅಡುಗೆಗೂ ಅದನ್ನೇ ಹೇಳುತ್ತಿದ್ದಾರೆ. ಕೊನೆಗೆ ದಾರಿ ತೋರಿಸಿದ್ದು ಅವರ ಕಸುಬೇ. ಅಂಗಡಿಯಲ್ಲಿ ಕಣ್ಣು ನೋಡುವಾಗ ಅವರು ಹೇಗೆ ಕಾಣುತ್ತೆ ಎಂದು ಯಾರನ್ನೂ ಕೇಳುವುದಿಲ್ಲ. ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, ಇದಾ ಅದಾ ಅಂತಾರೆ, ಅಷ್ಟೇ. ನಾನೂ ಹಾಗೇ ಶುರುಮಾಡಿದೆ. ಎರಡು ಸದ್ದು ಕೇಳಿಸಿ ಇದಾ ಅದಾ ಅಂದೆ. ತಟ್ಟನೆ ಅದು ಅಂದರು. ಗೆದ್ದದ್ದನ್ನು ಇಟ್ಟುಕೊಂಡು ಪಕ್ಕಕ್ಕೆ ಹೊಸದೊಂದನ್ನು ತಂದೆ. ಮಧ್ಯಾಹ್ನದ ಹೊತ್ತಿಗೆ ಆ ಮನುಷ್ಯ ಕಣ್ಣು ಮುಚ್ಚಿಕೊಂಡು, ಮೊದಲನೇದರಲ್ಲಿ ಸ್ವಲ್ಪ ಮರಳು ಬೆರೆತಿದೆ, ಎರಡನೇದು ನುಣುಪು ಎಂದು ಹೇಳತೊಡಗಿದರು. ಗಂಧಗಾಳಿ ಇಲ್ಲದವರು.

ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಂದೇ ಒಂದು ಬೋಳು ಸದ್ದಿನಲ್ಲಿ ಹನ್ನೊಂದು ನಿಮಿಷವನ್ನೂ ಮೊದಲು ಕಟ್ಟಿದೆ, ಆಮೇಲೆ ಒಂದೊಂದಾಗಿ ಬದಲಿಸಿದೆ. ತಯಾರಾಗಿದ್ದ ಸದ್ದುಗಳನ್ನೂ ನಾಚಿಕೆಯಿಲ್ಲದೆ ಬಳಸಿದೆ. ದಪ್ಪ ಸದ್ದುಗಳನ್ನು ಸ್ಪೀಕರಿನ ಮೇಲೆ ಅಂಗೈ ಇಟ್ಟು ನಾನೇ ನೋಡಿಕೊಂಡೆ, ಸಣ್ಣವು ನಿಮ್ಮಪ್ಪನ ಪಾಲು. ನಿನ್ನ ಬಾಗಿಲು ಯಾವುದು ಗೊತ್ತೇ? ನಮ್ಮ ಕೋಣೆಯ ಕಬ್ಬಿಣದ ಬೀರು. ಅದು ತೆರೆಯುವಾಗ ನರಳುವುದನ್ನು ಫೋನಿನಲ್ಲಿ ಹಿಡಿದು, ನಾಲ್ಕು ಪಟ್ಟು ನಿಧಾನ ಮಾಡಿದೆ. ಮೊದಲ ಸಲ ಕೇಳಿಸಿದಾಗ ನಿಮ್ಮಪ್ಪ ತಿರುಗಿ ಹಿಂದೆ ನೋಡಿದರು. ಯಾರು ಬಂದರು ಎಂದು ನಾನು ಕೇಳಿದೆ. ಯಾರೂ ಇಲ್ಲ, ಬಂದ ಹಾಗಾಯ್ತು ಅಂದರು. ನಾನು ಎದ್ದು ಹೋಗಿ ಅವರ ತಲೆ ನೇವರಿಸಿದೆ. ಮೂರು ತಿಂಗಳ ಸಿಟ್ಟು ಅಲ್ಲಿಗೆ ಇಳಿಯಿತು.

ಇದರ ಜೊತೆಗೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ. ಪ್ರದರ್ಶನಕ್ಕೆ ಇನ್ನು ಮೂರು ವಾರವಿದೆಯಂತೆ, ಪೇಪರಿನಲ್ಲಿ ಓದಿದೆ. ಬೇರೆಯವರ ಸಂಗೀತಕ್ಕೆ ನೀವೆಲ್ಲ ಆಗಲೇ ಕುಣಿದು ಕಲಿತಿದ್ದರೆ ಅದೇ ಇರಲಿ, ಅಮ್ಮನ ಮುಖ ನೋಡಿ ನಿನ್ನ ಮೊದಲ ನೃತ್ಯ ಕೆಡಿಸಿಕೊಳ್ಳಬೇಡ. ಆದರೂ ನನ್ನದಾದರೆ ನನಗೆ ಎಷ್ಟು ಸಂತೋಷ ಎಂಬುದನ್ನು ಮುಚ್ಚಿಡುವುದಿಲ್ಲ. ಹೇಗೇ ಆದರೂ ನಾವಿಬ್ಬರೂ ಬರುತ್ತೇವೆ. ನನ್ನ ಕಿವಿಯ ಯಂತ್ರ ಬರುವುದು ಮುಂದಿನ ತಿಂಗಳು, ಅದು ಬಂದರೂ ಎಲ್ಲ ಸದ್ದೂ ವಾಪಸು ಬರುವುದಿಲ್ಲವಂತೆ. ಕಣ್ಣು ಚೆನ್ನಾಗಿದೆ. ಮುಂದಿನ ಸಾಲಿನಲ್ಲಿ ಕೂತು ನಿನ್ನ ಕಾಲು ನೋಡುತ್ತೇನೆ.

ಮಂಡಿಗೆ ಎಣ್ಣೆ ಹಚ್ಚಿಕೋ. ನೆಗಡಿಯಲ್ಲಿ ತಲೆಗೆ ನೀರು ಹಾಕಿಕೊಳ್ಳಬೇಡ.

ನಿನ್ನ ಕಿವಿಯನ್ನು ಬೈದು, ಈಗ ಅದನ್ನೇ ನಂಬಿ ಕೂತಿರುವ
ಅಮ್ಮ

ಬರೆಯಬಾರದು ಎಂದುಕೊಂಡು ಕೊನೆಗೆ ಉಳಿಸಿದ್ದು: ಹತ್ತು ನಿಮಿಷ ನಲವತ್ತು ಸೆಕೆಂಡಿಗೆ ಎಲ್ಲ ಸದ್ದೂ ನಿಲ್ಲುತ್ತದೆ. ಆಮೇಲೆ ಒಂದೇ ಒಂದು ಸದ್ದಿದೆ. ಅದು ನನ್ನ ಬೀಗದ ಕೈ ಗೊಂಚಲು. ನೀನು ಚಿಕ್ಕವಳಿದ್ದಾಗ ನಾನು ಪ್ರೆಸ್ಸಿನಿಂದ ಬಂದು ಕೆಳಗಿನ ಮೆಟ್ಟಿಲಲ್ಲಿ ಅದನ್ನು ಚೀಲದಿಂದ ತೆಗೆದರೆ ಸಾಕು, ಮೂರನೆಯ ಮಹಡಿಯಲ್ಲಿ ನಿನಗೆ ಕೇಳಿಸುತ್ತಿತ್ತು. ನಾನು ಹತ್ತಿ ಬರುವಷ್ಟರಲ್ಲಿ ನೀನು ಬಾಗಿಲು ತೆರೆದು ನಿಂತಿರುತ್ತಿದ್ದೆ. ಒಂದು ದಿನವೂ ನಾನೇ ಬೀಗ ತೆಗೆಯಲು ಬಿಟ್ಟವಳಲ್ಲ. ಈಗ ಆ ಸದ್ದು ನನಗೆ ಕೇಳಿಸುವುದಿಲ್ಲ. ಪರದೆಯ ಮೇಲಿನ ಗೆರೆ ನೋಡಿ ಅಂದಾಜಿನಲ್ಲಿ ಇಟ್ಟಿದ್ದೇನೆ. ಜಾಸ್ತಿಯಾಯಿತೇ, ಕಡಿಮೆಯಾಯಿತೇ ಎಂದು ನಿಮ್ಮಪ್ಪನನ್ನೂ ಕೇಳಲಿಲ್ಲ. ಆ ಒಂದು ಪ್ರೂಫನ್ನು ನೀನೇ ನೋಡಬೇಕು.