ಹಳದಿ ಕೋಣೆಯ ಕೈಗುಣ

ಭಾನುವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ಇದನ್ನು ರೂಢಿಗೆಂದು ಬರೆದಿಲ್ಲ, ಈ ಸಲ ನಿಜವಾಗಿಯೂ ಕ್ಷೇಮ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದ ಎದುರುತ್ತರ ಕೊಡುವುದಿಲ್ಲ.

ಮೊದಲು ಮುಖ್ಯ ವಿಷಯ. ನಾನು ಕೆಲಸ ಬಿಡುತ್ತಿಲ್ಲ. ನಿನ್ನ ಮನೆಗೇ ಬಂದು ಇದ್ದುಬಿಡುತ್ತೇನೆ ಎಂದಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ನನಗೆಂದು ಖಾಲಿ ಮಾಡಿದ ಕೋಣೆಯಲ್ಲಿ ಅಳಿಯಂದಿರು ತಮ್ಮ ಸೈಕಲ್ಲು, ಪುಸ್ತಕ ಎಲ್ಲ ಮತ್ತೆ ತುಂಬಿಕೊಳ್ಳಲಿ. ಅವರಿಗೆ ನನಗಿಂತ ಹೆಚ್ಚು ನೆಮ್ಮದಿಯಾಗುತ್ತದೆ. ಪಾಪ, ಬಾಯಿಬಿಟ್ಟು ಹೇಳುವವರಲ್ಲ.

ಕೆಲಸ ಬೇಜಾರು ಬಂತು ಎಂದು ನಿನಗೆ ಹೇಳಿದ್ದು ಸುಳ್ಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ, ಹಾಗೆ. ನಿಜವೇನೆಂದರೆ, ನನ್ನ ಕೈ ಕೆಟ್ಟುಹೋಯಿತು ಅಂದುಕೊಂಡಿದ್ದೆ.

ನೀನು ನಮ್ಮ ಕಾರ್ಖಾನೆಯ ಕೋಣೆ ನೋಡಿದ್ದು ಚಿಕ್ಕವಳಿದ್ದಾಗ. ಈಗಲೂ ಹಾಗೇ ಇದೆ, ಹಳದಿ ದೀಪ ಬಿಟ್ಟು ಬೇರೆ ಬೆಳಕು ಒಳಗೆ ಬರುವಂತಿಲ್ಲ. ಗರಗರ ತಿರುಗುವ ಗಾಜಿನ ಮೇಲೆ ನಾನು ಅಂಟಿನಂಥ ದ್ರಾವಣ ಸುರಿಯುತ್ತೇನೆ, ಅದು ಹರಡಿ ತೆಳ್ಳನೆ ಪೊರೆಯಾಗುತ್ತದೆ. ಆಮೇಲೆ ಗೆರೆಗಳ ಅಚ್ಚನ್ನಿಟ್ಟು ನೇರಳೆ ಬೆಳಕು ಬಿಡುತ್ತಾರೆ. ಬೆಳಕು ತಾಗಿದ ಕಡೆ ಪೊರೆ ಗಟ್ಟಿಯಾಗುತ್ತದೆ, ತಾಗದ್ದು ತೊಳೆದರೆ ಹೋಗುತ್ತದೆ. ಕೊನೆಗೆ ಉಳಿಯುವುದು ಕೂದಲಿಗಿಂತ ಸಣ್ಣ ಗೆರೆಗಳು. ಅಳತೆಯ ಯಂತ್ರಗಳಿಗೆ ಹೋಗುವ ಗಾಜು ಅದು, ಒಂದು ಗೆರೆ ತುಂಡಾದರೂ ಕಸದ ಬುಟ್ಟಿಗೆ. ಸುರಿಯುವ ಧಾರೆ ತಡವರಿಸಬಾರದು, ಗುಳ್ಳೆ ಏಳಬಾರದು. ಯಂತ್ರ ಬಂದ ಮೇಲೂ ನಾಜೂಕಿನ ಗಾಜಿಗೆ ನನ್ನನ್ನೇ ಕರೆಯುತ್ತಾರೆ. ನಿನ್ನ ಅಮ್ಮನದು ಕೈಗುಣ ಎನ್ನುತ್ತಾರೆ, ನಾನೂ ಬೇಡ ಎನ್ನುವುದಿಲ್ಲ.

ಹೋದ ತಿಂಗಳು ನನ್ನ ಪೊರೆಗಳಲ್ಲಿ ತೂತು ಬೀಳತೊಡಗಿತು. ಮೀನಿನ ಕಣ್ಣಿನ ಹಾಗೆ ಸಣ್ಣಗೆ, ದುಂಡಗೆ. ಗಾಜು ಸರಿಯಾಗಿ ತೊಳೆದಿಲ್ಲ ಅಂದೆ, ದ್ರಾವಣ ಹಳತಾಗಿದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕೆಮಿಸ್ಟ್ ಹುಡುಗಿ ಒಂದೇ ಸೀಸೆಯಿಂದ ಎಲ್ಲರ ಕೈಲೂ ಸುರಿಸಿ ನೋಡಿದಳು. ಉಳಿದವರದು ಕನ್ನಡಿ, ನನ್ನದು ಮಾತ್ರ ಜಾಲರಿ. ಸೂಪರ್‌ವೈಸರ್ ಮೆತ್ತಗೆ, ವಯಸ್ಸಾಯ್ತಲ್ಲಮ್ಮಾ, ಮುಂದಿನ ತಿಂಗಳಿಂದ ಪ್ಯಾಕಿಂಗ್‌ನಲ್ಲಿ ಕೂತ್ಕೊಳ್ಳಿ, ಆರಾಮಾಗಿರುತ್ತೆ ಅಂದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಸಂಜೆಯೇ ನಿನಗೆ ಫೋನು ಮಾಡಿದ್ದು. ಮನೆಯಲ್ಲಿ ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿದು ಕೈ ನಡುಗುತ್ತದೆಯೇ ಎಂದು ನೋಡುತ್ತಿದ್ದೆ. ಮೊದಮೊದಲು ನಡುಗುತ್ತಿರಲಿಲ್ಲ, ಆಮೇಲೆ ಹೆದರಿಕೆಗೇ ನಡುಗತೊಡಗಿತು.

ಈಗ ನಿನ್ನ ಪಾಲಿನ ಕಥೆ. ಹೋದ ಸಲ ಬಂದಾಗ ನನ್ನ ಬೀರು ತೆಗೆದು ಜಗಳವಾಡಿದೆಯಲ್ಲ? ನೀನು ತಂದ ಶಾಲು, ಚೀಲ, ಗಡಿಯಾರ ಎಲ್ಲ ಕವರಿನಲ್ಲೇ ಇದ್ದವು. ನಾನು ಕೊಟ್ಟಿದ್ದು ನಿನಗಲ್ಲ, ಬೀರುವಿಗೆ, ಇನ್ಮೇಲೆ ಏನೂ ತರಲ್ಲ ಅಂದೆ ನೀನು. ಹೊರಡುವಾಗ ನೀನು ಹಚ್ಚಿಕೊಳ್ಳುವ ಕೈ ಕ್ರೀಮನ್ನೇ ಮೇಜಿನ ಮೇಲಿಟ್ಟು, ಇದನ್ನಾದ್ರೂ ಹಚ್ಕೋ, ಕೈ ನೋಡು ಮರದ ತೊಗಟೆ ಆಗಿದೆ ಅಂದೆ. ಮಾತು ಚುಚ್ಚಿತು. ಅದಕ್ಕೇ ಶ್ರದ್ಧೆಯಿಂದ ಹಚ್ಚಿಕೊಂಡೆ.

ಮೊನ್ನೆ ಸೋಮವಾರ ಟ್ಯೂಬು ಮುಗಿಯಿತು. ಮಾರನೆಯ ದಿನ ನನ್ನ ಗಾಜುಗಳಲ್ಲಿ ಒಂದೂ ತೂತಿಲ್ಲ! ಬುಧವಾರವೂ ಇಲ್ಲ. ದೇವರು ಕಣ್ಣುಬಿಟ್ಟ ಅಂದುಕೊಂಡೆ. ಗುರುವಾರ ಬೆಳಿಗ್ಗೆ ಆ ಖಾಲಿ ಟ್ಯೂಬು ಎಸೆಯಲು ಮನಸ್ಸು ಬರಲಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಕತ್ತರಿಯಿಂದ ಸೀಳಿ, ಒಳಗೆ ಅಂಟಿಕೊಂಡಿದ್ದನ್ನೆಲ್ಲ ಬಳಿದು ಹಚ್ಚಿಕೊಂಡು ಹೋದೆ. ಮೊದಲ ಗಾಜಿನಲ್ಲೇ ಮೀನಿನ ಕಣ್ಣುಗಳು ನನ್ನನ್ನು ನೋಡುತ್ತಿದ್ದವು.

ನಾನು ನಿಂತಲ್ಲೇ ಜೋರಾಗಿ ನಕ್ಕೆ. ಸೂಪರ್‌ವೈಸರ್ ನನಗೆ ತಲೆ ಕೆಟ್ಟಿತು ಅಂದುಕೊಂಡ. ಕೆಮಿಸ್ಟ್ ಹುಡುಗಿಗೆ ವಿಷಯ ಹೇಳಿದೆ. ಅವಳು ನನ್ನ ಬೆರಳನ್ನು ಒಂದು ಹೊಸ ಗಾಜಿಗೆ ಒತ್ತಿಸಿ ದ್ರಾವಣ ಸುರಿದಳು. ಬೆರಳು ತಾಗಿದ ಜಾಗದಿಂದ ಪೊರೆ ಮುನಿಸಿಕೊಂಡ ಹಾಗೆ ದೂರ ಸರಿಯಿತು. ಕ್ರೀಮಿನಲ್ಲಿ ಸಿಲಿಕೋನ್ ಇದೆಯಂತೆ, ಇಂಥ ದ್ರಾವಣಕ್ಕೆ ಅದನ್ನು ಕಂಡರಾಗದು. ಗ್ಲೌಸ್ ಎಳೆದುಕೊಳ್ಳುವಾಗ ನನ್ನ ಕೈಯಿಂದ ಅದರ ಹೊರಮೈಗೆ ತಗುಲುತ್ತಿತ್ತು, ಅಲ್ಲಿಂದ ಗಾಜಿಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಯಿತು.

ನನ್ನ ಕೈ ಕೆಟ್ಟಿಲ್ಲ, ಪುಟ್ಟಿ. ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಹೊಸ ಗ್ಲೌಸ್ ಹಾಕಿಕೊಂಡು ಸಂಜೆಯವರೆಗೆ ಸುರಿದೆ. ಎಲ್ಲವೂ ಕನ್ನಡಿ. ಸೂಪರ್‌ವೈಸರ್ ತಾನೇ ಚಹಾ ತಂದುಕೊಟ್ಟು, ಪ್ಯಾಕಿಂಗಿನ ಮಾತು ಮರೆತುಬಿಡಿ ಅಂದ. ಮರೆಯುವುದಿಲ್ಲ ಅಂದೆ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಅತ್ತೆ. ಎಷ್ಟು ಹಗುರವಾಯಿತು ಗೊತ್ತಾ?

ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೊಟ್ಟಿದ್ದು ಪ್ರೀತಿ, ಹಚ್ಚಿಕೊಂಡಿದ್ದೂ ಪ್ರೀತಿ, ನಡುವೆ ಆ ಗಾಜಿಗೆ ಗ್ರಹಚಾರ. ನಿನ್ನೆ ಬೀರುವನ್ನೂ ಖಾಲಿ ಮಾಡಿದೆ. ನಿನ್ನ ಶಾಲು ಹೊದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸೆಕೆಯಾಗುತ್ತಿದೆ, ಆದರೂ ತೆಗೆಯುವುದಿಲ್ಲ.

ಅಳಿಯಂದಿರಿಗೂ ಆಶೀರ್ವಾದ ತಿಳಿಸು.

ಇಂತಿ ನಿನ್ನ,
ತೊಗಟೆ ಕೈಯ ಅಮ್ಮ

ತಾ. ಕ.: ದಿನಕ್ಕೆ ಎಷ್ಟು ಸಲ ಹಚ್ಚುತ್ತಿದ್ದಿರಿ ಎಂದು ಕೆಮಿಸ್ಟ್ ಹುಡುಗಿ ಕೇಳಿದಳು. ಬೆಳಿಗ್ಗೆ ಒಂದೇ ಸಲ ಎಂದೆ. ಅದು ಸುಳ್ಳು. ಗಾಜು ಕೆಟ್ಟಾಗಲೆಲ್ಲ ಹೊರಗೆ ಬಂದು ಇನ್ನಷ್ಟು ಹಚ್ಚಿಕೊಳ್ಳುತ್ತಿದ್ದೆ. ಅಂಗೈಯನ್ನು ಮೂಗಿಗೆ ಹಿಡಿದರೆ ನೀನು ಪಕ್ಕದಲ್ಲಿ ಬಂದು ಕೂತ ಹಾಗಾಗುತ್ತಿತ್ತು. ಇನ್ನೊಂದು ಟ್ಯೂಬು ಕಳಿಸು, ರಜೆಯ ದಿನ ಹಚ್ಚಿಕೊಳ್ಳುತ್ತೇನೆ. ಬೇಡ, ಕಳಿಸಬೇಡ, ನೀನೇ ತೆಗೆದುಕೊಂಡು ಬಾ.